ದೊಡ್ಡದು ಮಾಡ್ರಿ ಅಂದದ್ದೇ ತಪ್ಪಾಯಿತು

ರಾತ್ರಿ ಎರಡು ಇಪ್ಪತ್ತು. ‘ಟಣ್’ ಅಂತ ಒಂದು ಸದ್ದು.

ಮಗಳು ಎದ್ದಳೇನೋ ಎಂದು ತೊಟ್ಟಿಲಿಗೆ ಕೈ ಹಾಕಿದೆ. ಅವಳು ಮುಷ್ಟಿ ಬಿಗಿದುಕೊಂಡು ಮಲಗಿದ್ದಳು. ಸದ್ದು ಬಂದದ್ದು ಲ್ಯಾಪ್‌ಟಾಪ್‌ನಿಂದ. ಸವಣೂರಿನ ಕಂಪ್ಯೂಟರ್ ಆನ್‌ಲೈನ್ ಬಂದಿದೆ!

ಈ ಹೊತ್ತಿನಲ್ಲಿ ಅದನ್ನು ಯಾರು ಆನ್ ಮಾಡಿದರು?

ಮೊದಲಿನಿಂದ ಹೇಳುತ್ತೇನೆ. ಹೆರಿಗೆಗೆ ಮುಂಚೆ ನಾನು ಸವಣೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದೆ. ಈಗ ಹಿರೇಬೆಂಡಿಗೇರಿಯಲ್ಲಿ ಬಾಡಿಗೆ ಮನೆ, ಐದು ತಿಂಗಳ ಕೂಸು. ಗಂಡ ಲೈನ್‌ಮನ್, ಹಿರೇಕೆರೂರು ಕಡೆ ಡ್ಯೂಟಿ. ವಾರಕ್ಕೊಮ್ಮೆ ಬರುತ್ತಾರೆ.

ಈ ಊರಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ‘ಕೂಸಿನವ್ವ’ ಅಂತಾರೆ, ಅಷ್ಟೇ. ವಿದ್ಯಾ ಎಂದು ಕರೆಯುವವರು ಈಗ ಪ್ರೆಸ್ಸಿನವರು ಮಾತ್ರ... ಅದಕ್ಕೇ ಆ ಕೆಲಸ ಬಿಡಲು ಮನಸ್ಸಿಲ್ಲ.

ಕನ್ನಡ ಡಿಟಿಪಿಯ ಸಾಫ್ಟ್‌ವೇರ್ ಇರುವುದು ಪ್ರೆಸ್ಸಿನ ವಿಂಡೋಸ್ ಕಂಪ್ಯೂಟರ್‌ನಲ್ಲಿ. ನನ್ನದು ಕಾಲೇಜಿನ ಕಾಲದ ಹಳೆ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್. ಪ್ರೆಸ್ಸಿನ ಕಂಪ್ಯೂಟರಿನ ಪರದೆಯನ್ನು ನೆಟ್ ಮೂಲಕ ಇಲ್ಲಿಂದಲೇ ತೆರೆದು ಕೆಲಸ ಮಾಡಬಹುದು ಎಂದು ಮಾಲೀಕರನ್ನು ಒಪ್ಪಿಸಲು ಒಂದು ತಿಂಗಳು ಬೇಕಾಯಿತು.

ಕೊನೆಗೆ ಹೇಳಿದರು, “ಇದೊಂದು ಲಗ್ನಪತ್ರಿಕಿ ಮನೀಂದನ ಮಾಡಿ ತೋರಿಸ್ರಿ. ಆಗಲಿಲ್ಲಂದ್ರ ಬ್ಯಾರೆಯವರನ್ನ ನೋಡ್ತೇನಿ.” ಹೇಳಿ, ಬೀಗರ ಊರಿಗೆ ಹೋದರು. ಅವರ ಫೋನ್ ಸಿಗುತ್ತಿಲ್ಲ. ಬೆಳಿಗ್ಗೆ ಆರಕ್ಕೆ ಬಂದು ಪ್ರಿಂಟಿಗೆ ಹಾಕುತ್ತಾರಂತೆ.

ಪತ್ರಿಕೆ ಚಿಕ್ಕೇರೂರಿನ ದೊಡ್ಡ ಮನೆತನದ್ದು. ಸುಖಾಗಮನ ಬಯಸುವವರ ಪಟ್ಟಿಯೇ ಎರಡು ಪುಟ. ಕಾಕಾ, ಮಾಮಾ, ಅತ್ತಿಯಂದಿರು, ಅವರ ಮಕ್ಕಳು, ಮೊಮ್ಮಕ್ಕಳು. ಒಂದು ಹೆಸರು ಬಿಟ್ಟರೂ ಮದುವೆಯಲ್ಲಿ ಜಗಳ.

ನಿನ್ನೆ ಸಂಜೆಯಿಂದ ಕೂತು ಮುಕ್ಕಾಲು ಪಾಲು ಹೆಸರು ಟೈಪ್ ಹೊಡೆದಿದ್ದೆ. ಒಂಬತ್ತರ ಹೊತ್ತಿಗೆ ಪರದೆ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಮೌಸ್ ಅಲುಗಾಡಲಿಲ್ಲ.

ಇದು ನನಗೆ ಮೊದಲೂ ಆಗಿತ್ತು. ವಿಂಡೋಸ್ ಏನಾದರೂ ಅನುಮತಿ ಕೇಳಿದಾಗ, ದೂರ ಕೂತವರಿಗೆ ‘ಯೆಸ್’ ಒತ್ತಲು ಬರುವುದಿಲ್ಲ. ಅಲ್ಲಿದ್ದವರೇ ಒತ್ತಬೇಕು. ಒಮ್ಮೊಮ್ಮೆ ಆ ಅನುಮತಿ ಕೇಳುವ ಡಬ್ಬಿ ಎದುರಿಗೂ ಬರುವುದಿಲ್ಲ, ಪರದೆಯ ಕೆಳಗಿನ ಪಟ್ಟಿಯಲ್ಲಿ ಸಣ್ಣಗೆ ಕಿತ್ತಳೆ ಬಣ್ಣದಲ್ಲಿ ಮಿನುಗುತ್ತಾ ಕೂತಿರುತ್ತದೆ.

ಪ್ರೆಸ್ಸಿನ ಹಿಂದೆಯೇ ಮಾಲೀಕರ ಮನೆ. ಮನೆಯಲ್ಲಿದ್ದದ್ದು ಅವರ ತಾಯಿ ಗಂಗಕ್ಕ ಒಬ್ಬರೇ. ಎಪ್ಪತ್ತು ದಾಟಿದ ಜೀವ. ಫೋನ್ ಮಾಡಿ ಕಂಪ್ಯೂಟರ್ ಮುಂದೆ ಕೂರಿಸಿದೆ.

“ಗಂಗಕ್ಕಾರ, ಕೆಳಗ ಸಣ್ಣದೊಂದು ಮಿಣಮಿಣ ಅನ್ನಾಕತ್ತಿರತೈತಿ ನೋಡ್ರಿ. ಅದನ್ನ ದೊಡ್ಡದು ಮಾಡ್ರಿ.”

“ಹೂಂನವಾ, ಕಂಡ್ತು. ಹಸರ ದೀಪ.”

ಹಸಿರು ಅಂದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕೂಸು ಅಳುತ್ತಿತ್ತು, ಲಗೂನ ಮಾಡ್ರಿ ಎಂದೆ.

“ಮಾಡಿದೆ ನೋಡವಾ. ಪೂರಾ ದೊಡ್ಡದಾತು.”

ನನ್ನ ಪರದೆ ಕಪ್ಪಾಯಿತು.

ನಮ್ಮ ಕಡೆ ದೇವರ ದೀಪವನ್ನು ‘ಆರಿಸು’ ಅನ್ನುವುದಿಲ್ಲ, ಅದು ಅಪಶಕುನ. ‘ದೀಪ ದೊಡ್ಡದು ಮಾಡು’ ಅನ್ನುತ್ತೇವೆ. ನಾನೂ ಅದೇ ಮಾತು ಕೇಳಿ ಬೆಳೆದವಳು. ಗಂಗಕ್ಕ ಟೇಬಲ್ ಕೆಳಗೆ ಬಗ್ಗಿ, ಸಿಪಿಯುದ ಹಸಿರು ದೀಪ ಆರುವ ತನಕ ಬಟನ್ ಒತ್ತಿ ಹಿಡಿದಿದ್ದರು.

ಮತ್ತೆ ಆನ್ ಮಾಡಿ ಎಂದು ಎಷ್ಟು ಬೇಡಿದರೂ ಒಲ್ಲೆ ಎಂದರು. ಹೆದರಿದ್ದರು. ಮಗ ಬೈತಾನ, ನಾ ಇನ್ನ ಅದನ್ನ ಮುಟ್ಟಂಗಿಲ್ಲ ಎಂದು ಫೋನ್ ಇಟ್ಟರು. ಅದು ಯಾವಾಗಲಾದರೂ ಆನ್ ಆದರೆ ಸದ್ದು ಮಾಡಲಿ ಎಂದು ಲ್ಯಾಪ್‌ಟಾಪ್‌ನಲ್ಲಿ ಸೆಟ್ ಮಾಡಿಟ್ಟು, ಗೋಡೆಗೆ ಒರಗಿದೆ.

ಎರಡು ಇಪ್ಪತ್ತಕ್ಕೆ ಬಂದ ಸದ್ದು ಅದೇ.

ಫೋನ್ ಮಾಡಿದೆ. ಗಂಗಕ್ಕ ಪಿಸುದನಿಯಲ್ಲಿ, “ನೀರು ಕುಡ್ಯಾಕ ಎದ್ದಿದ್ನಿ. ಮನಸ್ಸು ತಡೀಲಿಲ್ಲ, ಮತ್ತ ಹಚ್ಚಿದೆ. ನೀ ಉಂಡಿಯಿಲ್ಲೋ ವಿದ್ಯಾ?”

ಉಂಡೇನ್ರಿ ಎಂದು ಸುಳ್ಳು ಹೇಳಿದೆ. ಇನ್ನೆರಡು ನಿಮಿಷ ಮಾತಾಡಲಿ ಅನ್ನಿಸಿತ್ತು... ಕೇಳಲಿಲ್ಲ. ಅವರು ಮಲಗಲು ಹೋದರು.

ಆಮೇಲೆ ಪಾಸ್‌ವರ್ಡ್ ಕಾಟ. ಮಾಲೀಕರು ತೆರೆದಿಟ್ಟೇ ಹೋಗಿದ್ದರಿಂದ ಸಂಜೆ ಅದು ಬೇಕಾಗಿರಲಿಲ್ಲ. ನಾಲ್ಕು ಸಲ ಹೊಡೆದರೂ ತಪ್ಪು ಅನ್ನುತ್ತಿದೆ. ಕೊನೆಗೆ, ಹೊಡೆದದ್ದನ್ನು ತೋರಿಸುವ ಪಕ್ಕದ ಕಣ್ಣಿನ ಗುರುತು ಒತ್ತಿ ನೋಡಿದರೆ, ನಾನು ಒತ್ತಿದ @ ಅಲ್ಲಿ " ಆಗಿ ಬೀಳುತ್ತಿದೆ. ನನ್ನ ಲ್ಯಾಪ್‌ಟಾಪ್‌ನ ಕೀಬೋರ್ಡ್ ಬ್ರಿಟನ್ ಮಾದರಿಗೆ ಸೆಟ್ ಆಗಿತ್ತು, ಅಲ್ಲಿಯದು ಅಮೆರಿಕದ್ದು. ಬದಲಿಸಿದೆ, ತೆರೆಯಿತು. ಇದೇ ಕಾಟ ಇದ್ದವರು ನೆನಪಿಟ್ಟುಕೊಳ್ಳಿ.

ಫೈಲ್ ತೆರೆದೆ. ಮೊದಲ ಪುಟದ ಅರ್ಧ ಹೆಸರು ಮಾತ್ರ ಉಳಿದಿವೆ. ಮಿಕ್ಕದ್ದನ್ನು ನಾನು ಸೇವ್ ಮಾಡಿರಲಿಲ್ಲ. ತಪ್ಪು ಗಂಗಕ್ಕನದಲ್ಲ, ನನ್ನದು.

ಈಗ ಮೂರೂ ಕಾಲು. ಮತ್ತೆ ಹೊಡೆಯುತ್ತಿದ್ದೇನೆ. ಐದು ತಿಂಗಳಿಂದ ಬಾ ಎಂದರೂ ಬಾರದ ನಿದ್ದೆ ಈಗ ಕಣ್ಣು ಎಳೆಯುತ್ತಿದೆ. ಒಂದು ಕಾಕಾನ ಹೆಸರು ಎರಡು ಸಲ ಹೊಡೆದು ಅಳಿಸಿದೆ. ಅಲಾರ್ಮ್ ಇಟ್ಟರೆ ನಿದ್ದೆಗಣ್ಣಲ್ಲೇ ಬಂದ್ ಮಾಡಿಬಿಡುತ್ತೇನೆ, ನನಗೆ ಗೊತ್ತು. ಗಂಡನಿಗೆ ರಾತ್ರಿ ಪಾಳಿ, ಕಂಬದ ಮೇಲೆ ಇದ್ದಾರೋ ಕೆಳಗೋ, ಅವರಿಗೆ ಫೋನ್ ಮಾಡಲು ಭಯ.

ನಮ್ಮ ಕಾಲೇಜಿನ ಈ ಗ್ರೂಪಿನಲ್ಲಿ ಯಾರಾದರೂ ಎಚ್ಚರ ಇದ್ದೀರಾ? ಕಂಪ್ಯೂಟರ್ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಮಾತೇ ಆಡದಿದ್ದರೂ ನಡೆಯುತ್ತದೆ... ನನ್ನ ಹಳೆಯ ನಂಬರೇ ಇದೆ, ನಾನು ನಿದ್ದೆ ಹೋಗದಂತೆ ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ.