ಬಿಯರ್ ನಲ್ಲಿಗೆ ಹಲ್ಲುಜ್ಜುವವರು

ಬೆಳಗಿನ ಐದೂವರೆ. ಕುರ್ಚಿಗಳು ಮೇಜುಗಳ ಮೇಲೆ ಕಾಲು ಮೇಲೆ ಮಾಡಿ ಮಲಗಿವೆ. ಪಬ್ಬಿನ ಬಾಗಿಲು ಅರ್ಧ ಮಾತ್ರ ತೆರೆದಿದೆ. ಬೀದಿ ಗುಡಿಸುವ ಸದ್ದು ಆ ಸಂದಿಯಿಂದ ಒಳಗೆ ಬರುತ್ತಿದೆ. ಕೌಂಟರಿನ ಹಿಂದೆ ಮಂಡಿಯೂರಿದ ಐವತ್ತೆಂಟರ ವ್ಯಕ್ತಿಯೊಬ್ಬರು ಮೂರನೇ ನಲ್ಲಿಯ ಮೂತಿ ಬಿಚ್ಚಿ, ಬೆರಳುದ್ದದ ಟಾರ್ಚ್ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕುತ್ತಿದ್ದಾರೆ.

"ಹೂಂ, ಬಾಯಿ ತೆಗಿ," ಎನ್ನುತ್ತಾರೆ ನಲ್ಲಿಗೆ. "ಇನ್ನೂ ಸ್ವಲ್ಪ. ಹಾಂ, ಜಾಣ."

ಮೇಣದಬತ್ತಿಯ ಬಿಸಿಗೆ ಹಿಡಿದು ಕತ್ತು ಬಗ್ಗಿಸಿದ ಹಲ್ಲುಜ್ಜುವ ಬ್ರಷ್ ಒಳಗೆ ಹೋಗುತ್ತದೆ, ಮೂರು ಸುತ್ತು ತಿರುಗುತ್ತದೆ, ಹೊರಗೆ ಬರುತ್ತದೆ. ತುದಿಯಲ್ಲಿ ಕಂದು ಬಣ್ಣದ ಲೋಳೆ, ಸಾಸಿವೆ ಕಾಳಿನಷ್ಟು. ಅಷ್ಟೇ ಸಾಕು, ಒಂದು ಪೀಪಾಯಿ ಬಿಯರಿನ ಮಾನ ಕಳೆಯಲು.

ಕೆಲಸ ಮಾಡುವ ಕಡೆಯೆಲ್ಲ ಇವರನ್ನು ಕರೆಯುವುದು ನೊರೆಯಣ್ಣ ಎಂದೇ. ಪಬ್ಬುಗಳಲ್ಲಿ ಪೀಪಾಯಿ ಇರುವುದು ಹಿಂದಿನ ತಣ್ಣನೆಯ ಕೋಣೆಯಲ್ಲಿ, ನಲ್ಲಿ ಇರುವುದು ಕೌಂಟರಿನಲ್ಲಿ. ನಡುವೆ ಗೋಡೆಯೊಳಗೆ, ನೆಲದಡಿಯಲ್ಲಿ ಹತ್ತು ಹನ್ನೆರಡು ಮೀಟರ್ ಸಪೂರ ಕೊಳವೆ. ಕುಡಿಯುವವರು ಅದರ ಬಗ್ಗೆ ಯೋಚಿಸುವುದಿಲ್ಲ. ನೊರೆಯಣ್ಣ ಮೂವತ್ತೊಂದು ವರ್ಷದಿಂದ ಬೇರೇನನ್ನೂ ಯೋಚಿಸಿಲ್ಲ. ವಾರಕ್ಕೆ ಒಂಬತ್ತು ಪಬ್ಬು, ಅರವತ್ತೊಂದು ನಲ್ಲಿ. ಅವುಗಳಲ್ಲಿ ಹದಿನಾಲ್ಕು ಇಲ್ಲೇ ಇವೆ, ಬೇರೆಲ್ಲೂ ಇಷ್ಟಿಲ್ಲ. ಇವತ್ತು ಎಂಟು ಗಂಟೆಗೆ, ಈ ಹದಿನಾಲ್ಕು ಅವರ ಕೈಯಲ್ಲಿ ಉಳಿಯುತ್ತವೋ ಇಲ್ಲವೋ ತೀರ್ಮಾನವಾಗಲಿದೆ.

ಕಾರಣ, ಮೂಲೆಯಲ್ಲಿ ಮಿಣಮಿಣ ಹಸಿರು ದೀಪ ಬಿಟ್ಟುಕೊಂಡು ನಿಂತಿರುವ ಯಂತ್ರ.

ಈ ಪಬ್ಬಿನ ಯಜಮಾನಿಗೆ ಹೊಸ ಸಲಕರಣೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಕೌಂಟರಿನ ಹಿಂದಿನ ಕಪಾಟು ಅದಕ್ಕೆ ಸಾಕ್ಷಿ. ತಳದ ತೂತಿನಿಂದ ತುಂಬಿಕೊಳ್ಳುವ ಗ್ಲಾಸು, ಅದರ ತೂತು ಮುಚ್ಚಲು ಆಯಸ್ಕಾಂತದ ಬಿಲ್ಲೆ. ಮೇಲಿಟ್ಟ ಗ್ಲಾಸನ್ನು ನಡುಗಿಸಿ ನೊರೆ ಎಬ್ಬಿಸುವ ತಟ್ಟೆ. ಎಷ್ಟು ಬಾಟಲಿ ತೆರೆದೆನೆಂದು ತಾನೇ ಎಣಿಸುವ ಓಪನರ್. ಅದು ಎರಡು ವರ್ಷದಿಂದ ನಾನೂರ ಹನ್ನೆರಡರಲ್ಲೇ ನಿಂತುಬಿಟ್ಟಿದೆ. ಈ ಸಾಲಿಗೆ ಕೊನೆಯದಾಗಿ ಬಂದಿದ್ದು ಕೊಳವೆ ತೊಳೆಯುವ ಯಂತ್ರ. ಗುಂಡಿ ಒತ್ತಿದರೆ ತಾನೇ ಔಷಧಿ ನೂಕುತ್ತದೆ, ತಾನೇ ನೀರು ಹಾಯಿಸುತ್ತದೆ. "ನಲ್ಲಿ ಬಿಚ್ಚುವ ಗೋಜೇ ಇಲ್ಲ" ಎಂದಿದ್ದನಂತೆ ಮಾರಿದವನು.

ನಾಲ್ಕು ವಾರದ ಪಂದ್ಯ. ಒಂದರಿಂದ ಏಳು ನೊರೆಯಣ್ಣನಿಗೆ, ಎಂಟರಿಂದ ಹದಿನಾಲ್ಕು ಯಂತ್ರಕ್ಕೆ. ಪಂದ್ಯ ಮುಗಿಯುವ ತನಕ ಹದಿನಾಲ್ಕರಲ್ಲೂ ಹರಿಯುವುದು ಒಂದೇ ಬಿಯರ್. ನಾಲ್ಕನೇ ಸೋಮವಾರ ಯಜಮಾನಿ ಗುರುತಿಲ್ಲದ ಗ್ಲಾಸುಗಳಿಂದ ರುಚಿ ನೋಡುತ್ತಾರೆ. "ವ್ಯತ್ಯಾಸ ಗೊತ್ತಾದ್ರೆ ನೀವು. ಗೊತ್ತಾಗದಿದ್ರೆ ಯಂತ್ರ," ಎಂದು ಆಗಲೇ ಹೇಳಿದ್ದಾರೆ. ಇವತ್ತೇ ಆ ಸೋಮವಾರ.

ನೊರೆಯಣ್ಣನ ಮುಖದಲ್ಲಿ ಆತಂಕ ಹುಡುಕಿದರೆ ಸಿಗುವುದು ಬೆವರು ಮಾತ್ರ. ಕೈಪಂಪು ಒತ್ತುತ್ತ ನೇರಳೆ ಬಣ್ಣದ ಔಷಧಿಯನ್ನು ಕೊಳವೆಗೆ ಬಿಡುತ್ತಾರೆ. ಒಳಗೆ ಕೊಳೆಯಿದ್ದರೆ ಆಚೆ ತುದಿಯಲ್ಲಿ ಅದು ಹಸಿರಾಗಿ ಬೀಳುತ್ತದೆ. ಹೋದ ಹಾಗೇ ನೇರಳೆಯಾಗಿ ಬಂದರೆ ಕೊಳವೆ ಶುದ್ಧ. "ಇಷ್ಟು ನಿಯತ್ತಿನ ಸಾಕ್ಷಿ ಯಾವ ಕೋರ್ಟಲ್ಲೂ ಸಿಗಲ್ಲ," ಎನ್ನುತ್ತಾರೆ, ಬಕೆಟ್ ನೋಡುತ್ತ.

ಅವರು ಈ ಕೆಲಸಕ್ಕೆ ಬಂದಿದ್ದು ಮುಚ್ಚಿಹೋದ ಸೋಡಾ ಕಾರ್ಖಾನೆಯಿಂದ. ಮೊದಲ ವರ್ಷ ಕೈಗವಸಿಲ್ಲದೆ ದುಡಿದು ಅಂಗೈ ಚರ್ಮ ಎರಡು ಸಲ ಸುಲಿದಿತ್ತು. ಪಂಪು ಒತ್ತೀ ಒತ್ತೀ ಬಲಭುಜ ಈಗ ಎಡಭುಜಕ್ಕಿಂತ ಬೆರಳಗಲ ಕೆಳಗೆ ಜಾರಿದೆ. ಮನೆಯಲ್ಲಿ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗುವ ಹೆಂಡತಿ, ಶುಶ್ರೂಷಕಿಯಾಗಿರುವ ಮಗಳು. ಹೆಂಡತಿಯ ತಕರಾರು ಒಂದೇ: "ಊರಿನ ನಲ್ಲಿಗಳಿಗೆಲ್ಲ ಅಭ್ಯಂಜನ ಮಾಡಿಸ್ತಾರೆ. ನಮ್ಮನೆ ಸಿಂಕು ಕಟ್ಟಿಕೊಂಡು ಹದಿನೈದು ದಿನ ಆಯ್ತು ಅಂದ್ರೆ, ಅದು ನನ್ನ ಇಲಾಖೆ ಅಲ್ಲ ಅಂತಾರೆ."

ಬಿಯರ್ ಪ್ರಿಯರು ಶನಿವಾರದ ರಸಪ್ರಶ್ನೆಯಲ್ಲಿ ಗೆಲ್ಲಲು ಓದಿಕೊಂಡು ಬರುವ ಸಂಗತಿಗಳೆಲ್ಲ ನೊರೆಯಣ್ಣನಿಗೆ ಕೈಯಳತೆಯವು. ಒದ್ದೆ ಗ್ಲಾಸಿನೊಳಗೆ ಉಪ್ಪು ಉದುರಿಸಿದಾಗ ಅದು ಎಲ್ಲ ಕಡೆ ಸಮನಾಗಿ ಅಂಟಿದರೆ ಗ್ಲಾಸು ಚೊಕ್ಕಟ; ಜಿಡ್ಡಿದ್ದಲ್ಲಿ ಉಪ್ಪು ನಿಲ್ಲುವುದಿಲ್ಲ. ಕೆಲವು ಗ್ಲಾಸುಗಳ ತಳದಲ್ಲಿ ಬೇಕೆಂದೇ ಗೀರು ಹಾಕಿರುತ್ತಾರೆ, ಗುಳ್ಳೆ ಅಲ್ಲಿಂದ ಏಳಲಿ ಎಂದು. ಬಾಟಲಿ ಕಂದು ಬಣ್ಣದ್ದಾಗಿರುವುದು ಚೆಂದಕ್ಕಲ್ಲ, ಬಿಸಿಲು ಬಿದ್ದರೆ ಬಿಯರ್ ನಾರುತ್ತದೆ ಎಂಬ ಕಾರಣಕ್ಕೆ. ತುಟಿಯ ಬಣ್ಣ ತಗುಲಿದರೆ ನೊರೆ ಕುಸಿಯುತ್ತದೆ. "ಅದಕ್ಕೇ ಹೆಂಗಸರ ಗ್ಲಾಸಲ್ಲಿ ನೊರೆ ಇಲ್ಲ ಅಂತ ಜಗಳ ಬಂದ್ರೆ ನಾನು ಬಾಯಿ ಬಿಡಲ್ಲ," ಎಂದು ಪಿಸುಗುಡುತ್ತಾರೆ. "ನಿಜ ಹೇಳಿ ಏಟು ತಿನ್ನೋ ವಯಸ್ಸಲ್ಲ ಇದು."

ಏಳೂ ಕಾಲು. ಏಳನೇ ನಲ್ಲಿಯ ಬಿಡಿಭಾಗಗಳು ಜೋಡಣೆಯಾಗಿವೆ. ಅವರ ಪಾಲಿನ ಕೆಲಸ ಮುಗಿಯಿತು. ನೊರೆಯಣ್ಣ ಎದ್ದು ಸೊಂಟ ನೀವಿಕೊಳ್ಳುತ್ತಾರೆ, ಬಾಗಿಲ ಕಡೆ ಒಮ್ಮೆ ನೋಡುತ್ತಾರೆ. ಆಮೇಲೆ ಎಂಟನೇ ನಲ್ಲಿಯ ಮುಂದೆ ಮಂಡಿಯೂರಿ ಅದರ ಮೂತಿ ಬಿಚ್ಚತೊಡಗುತ್ತಾರೆ.

"ಅಯ್ಯೋ ನೊರೆಯಣ್ಣ, ಇವತ್ತೂನಾ?" ಗ್ಲಾಸು ಒರೆಸುತ್ತಿದ್ದ ಕೌಂಟರಿನಾಕೆ ಹಣೆ ಚಚ್ಚಿಕೊಳ್ಳುತ್ತಾಳೆ. ನಾಲ್ಕು ವಾರದಿಂದ ಈಕೆ ಇದನ್ನು ನೋಡುತ್ತಿದ್ದಾಳೆ. ಯಂತ್ರ ಕೊಳವೆ ತೊಳೆಯುತ್ತದೆ, ನಿಜ. ಆದರೆ ನಲ್ಲಿ ಬಿಚ್ಚಲು ಅದಕ್ಕೆ ಕೈಯಿಲ್ಲ. ಒಳಗಿನ ಲೋಳೆ ತೆಗೆಯದೆ ಬಿಟ್ಟರೆ ಬಿಯರ್ ಹುಳಿಯಾಗುತ್ತದೆ, ನೊರೆಯಣ್ಣ ತಾನೇತಾನಾಗಿ ಗೆಲ್ಲುತ್ತಾರೆ. ಅವರು ಮಾತ್ರ ಪ್ರತಿ ಸೋಮವಾರ ಎದುರಾಳಿಯ ಏಳೂ ನಲ್ಲಿಗಳನ್ನು ಕದ್ದು ಉಜ್ಜುತ್ತಿದ್ದಾರೆ.

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಳ್ತಿದೀರಿ."

"ಪಕ್ಕದ್ಮನೆ ಮಗು ಮೂಗು ಸುರಿಸ್ಕೊಂಡು ಎದುರಿಗೆ ನಿಂತ್ರೆ ಒರೆಸಲ್ವಾ ನೀನು?"

"ಆ ಮಗು ನಮ್ಮನೆ ಅನ್ನ ಕಿತ್ಕೊಳ್ಳೋಕೆ ಬಂದಿದ್ರೆ ಒರೆಸಲ್ಲ!"

"ಒರೆಸ್ತೀಯ. ಬೈಕೊಂಡಾದ್ರೂ ಒರೆಸ್ತೀಯ. ಆ ಟಾರ್ಚ್ ಇತ್ತ ಕೊಡು."

ಆಕೆ ಬೈಯುತ್ತಲೇ ಕೊಡುತ್ತಾಳೆ.

ಎಂಟು ಗಂಟೆಗೆ ಯಜಮಾನಿ ಬರುತ್ತಾರೆ. ಹದಿನಾಲ್ಕು ಪುಟ್ಟ ಗ್ಲಾಸು. ತಳದಲ್ಲಿ ಸಂಖ್ಯೆ ಬರೆದು, ಅದಲು ಬದಲು ಮಾಡಿ ಇಡಲಾಗಿದೆ. ಅವರು ನೊರೆ ನೋಡುತ್ತಾರೆ, ಮೂಸುತ್ತಾರೆ, ಒಂದೊಂದೇ ಗುಟುಕು ಕುಡಿಯುತ್ತಾರೆ. ಮತ್ತೆ ಮೊದಲಿನಿಂದ. ಕೊನೆಗೆ ಗ್ಲಾಸು ಕೆಳಗಿಡುತ್ತಾರೆ.

"ನೊರೆಯಣ್ಣ, ಬೇಜಾರಾಗ್ಬೇಡಿ. ನನಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಾಗ್ಲಿಲ್ಲ."

"ಗೊತ್ತಾಗಬಾರದು," ಎನ್ನುತ್ತಾರೆ ನೊರೆಯಣ್ಣ. ಅವರ ದನಿಯಲ್ಲಿ ಇರುವುದು ಸಮಾಧಾನ. ಅದು ಕೌಂಟರಿನಾಕೆಗೆ ತಡೆಯಲಾಗುವುದಿಲ್ಲ.

"ಮೇಡಂ, ಆ ಯಂತ್ರದ ನಲ್ಲಿಗಳನ್ನ ವಾರವಾರ ಬಿಚ್ಚಿ ಉಜ್ಜಿದ್ದು ಯಾರು ಅಂತ ಕೇಳಿ. ಕೇಳಿ ಒಂದ್ಸಲ!"

ಕೇಳಬೇಕಾಗಿಯೇ ಬರುವುದಿಲ್ಲ. ಬೆಣ್ಣೆ ಕದ್ದು ಸಿಕ್ಕಿಬಿದ್ದ ಮುಖದಲ್ಲಿ ನೊರೆಯಣ್ಣ ಬ್ರಷ್ಷನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಾರೆ.

ಯಜಮಾನಿ ರೇಗುತ್ತಾರೆ. "ಏನ್ರೀ ಇದು? ನಾಲ್ಕು ವಾರದ ಪಂದ್ಯ ನೀರಲ್ಲಿ ಹೋಮ ಆಯ್ತಲ್ಲ! ನೀವು ಮುಟ್ಟದೇ ಇದ್ದಿದ್ರೆ ಏನಾಗ್ತಿತ್ತು?"

"ಮೂರನೇ ವಾರಕ್ಕೆ ಹುಳಿ ವಾಸನೆ. ನಾಲ್ಕನೇ ವಾರಕ್ಕೆ ನಿಮಗೇ ಗೊತ್ತಾಗ್ತಿತ್ತು."

"ಮತ್ತೆ ಸುಮ್ಮನೆ ಬಿಡೋದು ತಾನೆ? ನೀವೇ ಗೆಲ್ತಿದ್ರಿ."

"ಗೆಲ್ತಿದ್ದೆ," ಎನ್ನುತ್ತಾರೆ ನೊರೆಯಣ್ಣ. "ಆದ್ರೆ ನಾನು ಗೆಲ್ಲೋ ತನಕ ಆ ಬಿಯರ್ ಕುಡಿಯೋರು ಯಾರು?"

ಯಜಮಾನಿ ಸಾಲಾಗಿ ನಿಂತ ಗ್ಲಾಸುಗಳನ್ನು ನೋಡುತ್ತಾರೆ, ಯಂತ್ರವನ್ನು ನೋಡುತ್ತಾರೆ, ನೊರೆಯಣ್ಣನ ಇಳಿದ ಭುಜವನ್ನು ನೋಡುತ್ತಾರೆ. ಬಳಿಕ ತೀರ್ಪು ಬರುತ್ತದೆ: ಇನ್ನು ಮೇಲೆ ಹದಿನಾಲ್ಕು ಕೊಳವೆಗಳಿಗೂ ಔಷಧಿ ನೂಕುವುದು ಯಂತ್ರ, ಹದಿನಾಲ್ಕು ನಲ್ಲಿಗಳನ್ನೂ ಬಿಚ್ಚುವುದು ನೊರೆಯಣ್ಣ, ಕೂಲಿ ಮೊದಲಿನಷ್ಟೇ. "ಅದು ನಿಮ್ಮ ಕೈಕೆಳಗಿನ ಆಳು ಅಂತ ತಿಳ್ಕೊಳ್ಳಿ," ಎನ್ನುತ್ತಾರೆ. ನೊರೆಯಣ್ಣ ಯಂತ್ರದ ಬಳಿ ಹೋಗಿ, ಹೊಸ ಅಳಿಯನನ್ನು ಅಳೆಯುವ ಮಾವನಂತೆ ಸುತ್ತು ಹಾಕಿ, ಅದರ ನೆತ್ತಿಯ ಮೇಲೊಮ್ಮೆ ತಟ್ಟುತ್ತಾರೆ. ಭುಜಕ್ಕೆ ಆರಾಮ ಸಿಗುತ್ತದೆಂದು ಒಪ್ಪಿಕೊಳ್ಳುತ್ತಾರೆ. ಮನೆಯ ಸಿಂಕಿಗೆ ಮಾತ್ರ ಈ ಯಂತ್ರ ಆಗುವುದಿಲ್ಲವಂತೆ, ಅದನ್ನೂ ಅವರು ಆಗಲೇ ವಿಚಾರಿಸಿ ಆಗಿದೆ.

ಚೀಲ ಹೆಗಲಿಗೇರುತ್ತದೆ. ಒಂಬತ್ತಕ್ಕೆ ಇನ್ನೊಂದು ಪಬ್ಬು, ಆರು ನಲ್ಲಿ. ಈ ಮೂವತ್ತೊಂದು ವರ್ಷದಲ್ಲಿ ಕುಡಿಯುವವರು ಯಾರಾದರೂ ನಿಮ್ಮನ್ನು ಹೊಗಳಿದ್ದುಂಟೇ ಎಂದು ಕೇಳಿದರೆ, ನೊರೆಯಣ್ಣ ಬಾಗಿಲಲ್ಲೇ ನಿಂತು ಯೋಚಿಸುತ್ತಾರೆ.

"ಬಿಯರ್ ಚೆನ್ನಾಗಿದ್ರೆ ಮಾಡಿದವರನ್ನ ಹೊಗಳ್ತಾರೆ, ಇಲ್ಲಾ ಸುರಿದವರನ್ನ ಹೊಗಳ್ತಾರೆ. ಕೊಳವೆ ನೆನಪಾಗೋದು ಕೆಟ್ಟಾಗ ಮಾತ್ರ," ಎನ್ನುತ್ತಾರೆ. ಹೊರಗಿನ ಬಿಸಿಲಿಗೆ ಕಣ್ಣು ಕಿರಿದಾಗುತ್ತದೆ. ಇಡೀ ಮುಖ ಅರಳುತ್ತದೆ. "ನನ್ನ ಬಗ್ಗೆ ಇದುವರೆಗೂ ಒಬ್ಬರೂ ಒಂದು ಮಾತೂ ಆಡಿಲ್ಲ, ಗೊತ್ತಾ?"