ಚುಕ್ಕಿ ಈದ ದಿನ

ಹಿಂದಿನ ದಿನ ವಿಶೇಷವೇನೂ ಇರಲಿಲ್ಲ. ನಾನು ತೊಗರಿ ಹೊಲದಲ್ಲಿ ಕಳೆ ತೆಗೆದೆ. ನಮ್ಮ ಮನೆಯವರು ಎತ್ತು ಹೂಡಿ ಸಾಲುಗಳಲ್ಲಿ ಎಡೆ ಹೊಡೆದರು. ಮಧ್ಯಾಹ್ನ ಬದುವಿನ ಮೇಲೆ ಕುಳಿತು ರೊಟ್ಟಿ, ಪುಂಡಿಪಲ್ಯ ತಿಂದೆವು. ಖಾರ ಹೆಚ್ಚಾಗಿದೆ ಎಂದರು. ಹೆಚ್ಚಾಗಿರಲಿಲ್ಲ. ಅವರಿಗೆ ಊಟಕ್ಕೆ ಕುಳಿತಾಗ ಏನಾದರೊಂದು ಅನ್ನಬೇಕು, ಅಂದರು, ಅಷ್ಟೇ.

ಸಂಜೆ ಮನೆಗೆ ಬಂದವರು ಕಾಲು ಸಹ ತೊಳೆಯದೆ ಕೊಟ್ಟಿಗೆಗೆ ಹೋದರು. ತುಂಬಿದ ಗಬ್ಬದ ಆಕಳು ಚುಕ್ಕಿಯ ಬಾಲದ ಬುಡ ಒತ್ತಿ ನೋಡಿದರು. ಮೆತ್ತಗಾಗಿ ಎರಡೂ ಕಡೆ ಕುಳಿ ಬಿದ್ದಿತ್ತು.

"ನಾಳಿ ಹಾಕ್ತಾಳ" ಅಂದರು.

"ಹ್ವಾದ ವಾರದಿಂದ ನಾಳಿ ನಾಳಿ ಅನ್ನಾಕತ್ತೀರಿ."

"ಹಂಗಾದ್ರ ಅಕಿಗೇ ಕೇಳು. ನನಗ್ಯಾಕ ಕೇಳ್ತಿ?"

ಇದು ಎಂಬತ್ತಾರನೆಯ ಇಸವಿಯ ಮಾತು. ಕಾರಹುಣ್ಣಿಮೆ ಮುಗಿದು ಮಳೆ ಹಿಡಿದಿತ್ತು. ನಮ್ಮದು ಆಳಂದ ತಾಲೂಕಿನ ನಿಂಬರ್ಗಾ. ನಾಲ್ಕು ಎಕರೆ ಹೊಲ, ಎರಡು ಎತ್ತು, ಒಂದು ಆಕಳು. ಮನೆಯಲ್ಲಿ ನಾವಿಬ್ಬರು, ಮಗಳು ಹೀರಾಬಾಯಿ, ಅತ್ತೆ ಗೌರಾಬಾಯಿ. ಮನೆಯವರ ಹೆಸರು ಶಾಂತಲಿಂಗಪ್ಪ. ಅವರು ಬದುಕಿದ್ದಾಗ ನಾನು ಆ ಹೆಸರನ್ನು ಒಮ್ಮೆಯೂ ಬಾಯಲ್ಲಿ ಹೇಳಿದವಳಲ್ಲ.

ಚುಕ್ಕಿ ದೇವಣಿ ತಳಿ. ಬಿಳಿ ಮೈ, ಕರಿ ಮುಖ, ಹಣೆಯ ಮೇಲೆ ಒಂದು ಬೊಟ್ಟಿನಷ್ಟು ಬಿಳುಪು. ತಾಯಿ ಸತ್ತ ಕರು ಅದು. ನರೋಣಾದಲ್ಲಿ ಯಾರೋ ಬಳಗದವರ ಮನೆಯಲ್ಲಿತ್ತು, ಅವರಿಗೆ ಸಾಕಲು ಬೇಡವಾಗಿತ್ತು. ಇವರು ಅದನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದರು. ಕಂಡಕ್ಟರ್ ಏನದು ಅಂತ ಕೇಳಿದ. "ಮಗಳ್ರಿ" ಅಂದರಂತೆ. ಅಷ್ಟರಲ್ಲಿ ಕಂಬಳಿಯೊಳಗಿಂದ ಅಂಬಾ ಅಂತು. ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ "ನಿಮ್ಮ ಮಗಳಿಗಿ ಅರ್ಧ ಟಿಕೆಟ್ ಹಿಡೀರಿ" ಅಂತ ಹರಿದು ಕೊಟ್ಟ. ಮನೆಗೆ ಬಂದು ಹೀರಾಬಾಯಿಗೆ, "ನಿನ್ನ ತಂಗಿ ಬಂದಾಳ ನೋಡು" ಅಂದರು. ಹುಡುಗಿ ಅತ್ತಳು.

ಜನರ ಜೊತೆ ಅವರ ಮಾತು ಕಡಿಮೆ. ಪಂಚಾಯತಿ ಕಟ್ಟೆಗೆ ಹೋಗಿ ಕುಳಿತವರಲ್ಲ. ದನದ ಜೊತೆ ಮಾತ್ರ ಸಾಕಷ್ಟು ಮಾತಾಡುತ್ತಿದ್ದರು. ಎತ್ತಿಗೆ ಬೈದರೆ ಸಂಜೆ ಅದರ ಕೊರಳು ತಿಕ್ಕಿ ಸಮಾಧಾನ ಮಾಡುತ್ತಿದ್ದರು. ನನಗೆ ಬೈದಾಗ ಅಂಥದ್ದೇನೂ ಇರಲಿಲ್ಲ.

ಚುಕ್ಕಿ ಬೆಳೆದು ದೊಡ್ಡದಾಯಿತು, ಗಬ್ಬ ನಿಲ್ಲಲಿಲ್ಲ. ಎರಡು ಸಲ ಹೋರಿಗೆ ಬಿಟ್ಟರೂ ನಿಲ್ಲಲಿಲ್ಲ. ಅವರ ಅಣ್ಣ, ನನ್ನ ಭಾವ ಹಣಮಂತರಾಯ, ಅದೇ ಓಣಿಯಲ್ಲಿ ಬೇರೆ ಮನೆ ಮಾಡಿದ್ದರು. ಬಂದಾಗೊಮ್ಮೆ ಅದೇ ಮಾತು. "ಗೊಡ್ಡಿಗಿ ಎಷ್ಟ ಕಣಿಕಿ ಹಾಕ್ತಿಯೋ? ಆಳಂದ ಸಂತಿಗಿ ಹೊಡಿ." ಇವರು ಎದ್ದು ಚುಕ್ಕಿಗೆ ಇನ್ನೊಂದು ಹಿಡಿ ಕಣಿಕೆ ಹಾಕುತ್ತಿದ್ದರು. ಮೂರನೆಯ ಸಲ ನಿಂತಿತು. ಈ ಸಲ ಕರು ಉಳಿಯದಿದ್ದರೆ ಚುಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಭಾವ ಬಿಡುವುದಿಲ್ಲ ಅಂತ ನಮಗೆ ಗೊತ್ತಿತ್ತು. ಅವರು ಹಿರಿಯರು, ಅತ್ತೆ ಅವರ ಮಾತು ಮೀರುವವರಲ್ಲ.

ಮರುದಿನ ಬೆಳಿಗ್ಗೆ ಈದಳು. ಮುಂಗಾಲು ಎರಡು ಬಂದವು, ಮೂಗು ಬಂತು, ಅಲ್ಲಿಗೆ ನಿಂತಿತು. ಇವರು ಕಾಲು ಹಿಡಿದು ಚುಕ್ಕಿ ತಿಣುಕಿದಾಗ ಎಳೆದರು, ಬಿಟ್ಟಾಗ ಬಿಟ್ಟರು. ಕರು ಜಾರಿ ಅವರ ತೊಡೆಯ ಮೇಲೇ ಬಿತ್ತು. ಹೆಣ್ಣುಗರು. ತಮ್ಮ ಟವೆಲಿನಿಂದ ಅದರ ಮೂಗು ಒರೆಸಿದರು. ಆಮೇಲೆ ಹೊರಗೆ ಬಂದು ಓಣಿಯ ಕಡೆ ನೋಡಿ ಜೋರಾಗಿ ಕೂಗಿದರು. ಅವರ ಅಷ್ಟು ದೊಡ್ಡ ದನಿ ನಾನು ಕೇಳಿದ್ದು ಅದೇ ಮೊದಲು.

"ಅಣ್ಣಾ! ಗೊಡ್ಡು ಈದಾಳ, ಬಂದು ನೋಡು!"

ಭಾವ ಬಂದು ನೋಡಿದರು. "ಹೂಂ, ಹೆಣ್ಣದ" ಅಂದು ಹೋದರು.

ಮೊದಲ ಹಾಲು ಇವರೇ ಹಿಂಡಿದರು. ನಾನು ಗಿಣ್ಣ ಕಾಯಿಸಲು ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಕಸ ಬಿತ್ತು. ಕರುವಿನ ಹಿಂದೆ ಆಕಳ ಹೊಟ್ಟೆಯಿಂದ ಬೀಳುವ ಆ ಚೀಲಕ್ಕೆ ನಮ್ಮಲ್ಲಿ ಕಸ ಅನ್ನುತ್ತಾರೆ. ಅದನ್ನು ಆಕಳು ತಿನ್ನಬಾರದು, ನಾಯಿ ಮುಟ್ಟಬಾರದು. ಗೋಣಿ ತಟ್ಟಿನಲ್ಲಿ ಸುತ್ತಿ ಆಲದ ಗಿಡಕ್ಕೆ ಕಟ್ಟಬೇಕು. ಆಲದ ಗಿಡ ಚಿವುಟಿದರೆ ಹಾಲು ಬರುತ್ತದಲ್ಲ, ಹಾಗೆ ಕೆಚ್ಚಲಿಗೂ ಹಾಲು ಇಳಿಯಲಿ ಅಂತ. ಎಲ್ಲರೂ ಕಟ್ಟುತ್ತಾರೆ. ಇವರ ತಂದೆ ಕಟ್ಟುತ್ತಿದ್ದರು. ಇವರೂ ಹಳ್ಳದ ದಂಡೆಯ ದೊಡ್ಡ ಆಲದ ಗಿಡಕ್ಕೆ ಕಟ್ಟಲು ಹೋದರು.

ಅಲ್ಲಿ ಕುರಿ ಬಿಟ್ಟುಕೊಂಡು ಮಾಳಿಂಗಪ್ಪ ಕುಳಿತಿದ್ದ. ನಮ್ಮ ಹೊಲದ ಪಕ್ಕದವನು, ಇವರ ಜೊತೆ ಬೆಳೆದವನು. ಮುಂದಿನದು ಅವನು ಹೇಳಿದ್ದು. ಇವರು ಹತ್ತಿದರು, ಕಟ್ಟಿದರು, ಇಳಿಯುವಾಗ ತೊಗಟೆ ಹಸಿಯಿದ್ದು ಕಾಲು ಜಾರಿತು. ಎತ್ತರ ಎಷ್ಟಿದ್ದೀತು? ಕಣಿಕೆ ತುಂಬಿದ ಬಂಡಿಯಷ್ಟು. ಹುಡುಗರು ದಿನಾ ಅಲ್ಲಿಂದ ಜಿಗಿಯುತ್ತಾರೆ. ಇವರು ಎಡ ಮಗ್ಗುಲಾಗಿ ಬೇರಿನ ಮೇಲೆ ಬಿದ್ದರು. ತಕ್ಷಣ ಎದ್ದು ಕುಳಿತರು.

ಮಾಳಿಂಗಪ್ಪ ನಗುತ್ತಲೇ ಅವರನ್ನು ಮನೆಗೆ ಕರೆತಂದ. ಬಾಗಿಲಲ್ಲಿ ನಿಂತು ನನಗೆ ಹೇಳಿದ, "ತಂಗೀ, ಇವತ್ತ ನಿಮ್ಮದು ಎರಡ ಬಾಣಂತನ. ಮುಂಜಾನಿ ಚುಕ್ಕಿ ಒಂದ ಹಾಕದಳು, ಮಧ್ಯಾನ ಆಲದ ಗಿಡ ಒಂದ ಹಾಕ್ತು!"

"ಲೇ, ಗಿಡದ್ದೂ ಕಸ ಬೀಳ್ತದೇನ ನೋಡ ಹೋಗು. ಅದನ್ನ ನೀ ಹತ್ತಿ ಕಟ್ಟು" ಅಂದರು ಇವರು.

"ನಲವತ್ತ ವರ್ಷದಾಂವ, ಮಂಗ್ಯಾನಂಗ ಬೀಳ್ತಾನ" ಅಂದರು ಅತ್ತೆ. ಅವರೂ ನಗುತ್ತಿದ್ದರು.

ನಾನೂ ನಕ್ಕೆ. ಹೀರಾಬಾಯಿ ಬಿದ್ದು ಬಿದ್ದು ನಕ್ಕಳು. ಎಲ್ಲರಿಗೂ ಗಿಣ್ಣ ಹಾಕಿಕೊಟ್ಟೆ. ಇವರು ಎರಡು ತುತ್ತು ತಿಂದು ತಟ್ಟೆ ಸರಿಸಿದರು. ಎಡಗಡೆ ಹೆಗಲು ಹಿಡಿದಿದೆ ಅಂದರು. ಎಣ್ಣೆ ಹಚ್ಚಿ ತಿಕ್ಕಿದೆ. ನೀರು ಕೇಳಿದರು, ಕೊಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಹಣೆಯ ಮೇಲೆ ಬೆವರು ಇತ್ತು, ಮುಟ್ಟಿದರೆ ತಣ್ಣಗಿತ್ತು. ಬೆಳಗಿನಿಂದ ದಣಿದಿದ್ದಾರೆ ಅಂದುಕೊಂಡೆವು. ಅವರೂ ಹಾಗೇ ಅಂದರು. "ನಾ ಕರಾದ ಹಂತ್ಯಾಕ ಕೂಡ್ತೀನಿ" ಅಂತ ಹೋಗಿ ಕೊಟ್ಟಿಗೆಯ ಗೋಡೆಗೆ ಒರಗಿ ಕುಳಿತರು.

ಮಾಳಿಂಗಪ್ಪ ತನ್ನ ಕುರಿಯ ಕಡೆ ಹೋದ. ನಾನು ಹಿಟ್ಟು ನಾದಿದೆ. ದೀಪ ಹಚ್ಚುವ ಮುಂಚೆ ಚಹಾ ತೆಗೆದುಕೊಂಡು ಹೋದೆ. ಕರು ಮಲಗಿತ್ತು. ಇವರೂ ಮಲಗಿದಂತೆ ಇದ್ದರು. "ಏಳ್ರಿ" ಅಂದೆ. "ಏಳ್ರಿ, ಚಾ ಆರ್ತದ" ಅಂದೆ. ಭುಜ ಮುಟ್ಟಿದೆ. ಕುಳಿತವರು ಹಾಗೇ ಮಗ್ಗುಲಿಗೆ ವಾಲಿದರು.

ಕಪ್ಪು ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಬೀಳಿಸಲಿಲ್ಲ, ಕೂಗಲಿಲ್ಲ. ಒಳಗೆ ಹೋಗಿ ಚಹಾ ಮರಳಿ ಪಾತ್ರೆಗೆ ಸುರಿದೆ. ಅತ್ತೆ ಕೇಳಿದರು, "ಯಾಕ, ಕುಡೀಲಿಲ್ಲೇನು?"

"ಇಲ್ಲ" ಅಂದೆ. "ಇಲ್ಲರಿ ಅತ್ತಿ, ಅವರು ಇಲ್ಲ."

ಹೊಟ್ಟೆಯೊಳಗೆ ಏನೋ ಹರಿದು ಒಳಗೊಳಗೇ ರಕ್ತ ಸೋರಿರಬೇಕು ಅಂತ ಬಹಳ ದಿನಗಳ ಮೇಲೆ ಆಳಂದದಲ್ಲಿ ಒಬ್ಬ ಡಾಕ್ಟರ್ ಹೇಳಿದರು. ಹೊರಗೆ ಒಂದು ಗೀರು ಇರಲಿಲ್ಲ. ನನಗೆ ಇವತ್ತಿಗೂ ಅದು ತಲೆಯೊಳಗೆ ಹೋಗಿಲ್ಲ. ಮನುಷ್ಯ ಬಿದ್ದ, ಎದ್ದ, ನಡೆದು ಬಂದ, ನಗಿಸಿದ, ಸತ್ತ.

ನಮ್ಮಲ್ಲಿ ಸತ್ತವರನ್ನು ಕೂಡಿಸುತ್ತಾರೆ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದರು. ಭಜನೆಯವರು ಬಂದರು. ಬೆಳಗಾಗುತ್ತಲೇ ಚುಕ್ಕಿ ಒದರಲು ಶುರು ಮಾಡಿದಳು. ಎಳೆಗರು, ಅಷ್ಟು ಹಾಲು ಅದರಿಂದ ಕುಡಿಯಲಾಗುತ್ತಿರಲಿಲ್ಲ. ಕೆಚ್ಚಲು ಬಿಗಿದಿತ್ತು. ಭಜನೆ ನಿಂತಾಗೊಮ್ಮೆ ಅವಳ ದನಿಯೇ ಕೇಳುತ್ತಿತ್ತು. ಇನ್ನೊಂದು ಹೊತ್ತು ಹಾಗೇ ಬಿಟ್ಟರೆ ಕೆಚ್ಚಲು ಬಾವು ಬಂದು ಕೆಡುತ್ತದೆ. ಯಾರೂ ಏಳಲಿಲ್ಲ. ನಾನು ಎದ್ದೆ.

"ಎಲ್ಲಿಗಿ ಹೊಂಟಿ ಬೇ?" ಹೆಂಗಸರು ಸೆರಗು ಹಿಡಿದರು.

"ಹಿಂಡಾಕ."

ಭಜನೆಯವರ ತಾಳ ಸಹ ನಿಂತಿತು. ಅತ್ತೆ ಕುಳಿತಲ್ಲಿಂದಲೇ ಅಂದರು, "ಗಂಡನ್ನ ತಿಂದ ಆಕಳಾ ಹಿಂಡ್ತಿಯೇನ?"

ಅಲ್ಲಿಯವರೆಗೆ ಆ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಆಮೇಲೆ ಎಲ್ಲರ ಬಾಯಲ್ಲೂ ಬಂತು.

ನಾನು ಹೋಗಿ ಕುಳಿತೆ. ಕೈಯಲ್ಲಿ ಬಳೆ ಇನ್ನೂ ಇದ್ದವು, ಸದ್ದು ಮಾಡುತ್ತಿದ್ದವು. ಹಳದಿ ಹಾಲು, ದಪ್ಪ. ಚರಿಗೆ ತುಂಬಿತು. ಆ ಹಾಲನ್ನು ಯಾರೂ ಕೈಯಲ್ಲಿ ಹಿಡಿಯಲಿಲ್ಲ. ತಿಪ್ಪೆಗೆ ಸುರಿದೆ. ಗಿಣ್ಣದ ಹಾಲು ತಿಪ್ಪೆಗೆ ಸುರಿದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಕೈ ತೊಳೆದುಕೊಂಡು ಬಂದು ಅವರ ಪಕ್ಕ ಮತ್ತೆ ಕುಳಿತೆ.

ಮಣ್ಣಿಗೆ ಒಯ್ಯುವಾಗ ಆ ಗಿಡದ ಕೆಳಗೇ ಹಾದು ಹೋಗಬೇಕಾಯಿತು. ತಟ್ಟಿನ ಗಂಟು ಕೊಂಬೆಯಲ್ಲಿ ತೂಗಾಡುತ್ತಿತ್ತು. ನೊಣ ಮುತ್ತಿದ್ದವು. ಹೊತ್ತವರು ಯಾರೂ ತಲೆ ಎತ್ತಲಿಲ್ಲ. ಮಾಳಿಂಗಪ್ಪ ಮಾತ್ರ ನಿಂತುಬಿಟ್ಟ. ಅವನನ್ನು ಇಬ್ಬರು ಹಿಡಿದು ನಡೆಸಿದರು. ಆಮೇಲೆ ವರ್ಷಗಟ್ಟಲೆ ಅವನು ನಮ್ಮ ಬಾಗಿಲಿಗೆ ಬರಲಿಲ್ಲ.

ದಿನಕರ್ಮ ಮುಗಿದ ಮರುದಿನ ಭಾವ ಬಂದರು. ಕೈಯಲ್ಲಿ ಹೊಸ ಹಗ್ಗ.

"ಜಿಡಗಾ ಮಠಕ್ಕ ಬಿಟ್ಟು ಬರ್ತೀನಿ. ಅದು ಈ ಮನ್ಯಾಗ ಇರಬಾರದು."

"ಯಾಕ್ರಿ?"

"ಯಾಕ ಅಂತಿ? ಊರೆಲ್ಲಾ ಅನ್ನಾಕತ್ತದ. ಅದರ ಕಸ ಕಟ್ಟಾಕ ಹೋಗಿ ಸತ್ತಾನ ಆಂವ."

"ಬಿದ್ದಿದ್ದು ಗಿಡದ ಮ್ಯಾಲಿಂದರಿ. ಗಿಡ ಕಡೀರಿ."

"ನಾಲಿಗಿ ಬಿಗಿ ಹಿಡಿ."

"ಮೂರು ವರ್ಷ ಈಯವಲ್ದು, ಸಂತಿಗಿ ಹೊಡಿ ಅಂದ್ರಿ. ಈಗ ಈದದ, ಮಠಕ್ಕ ಹೊಡಿ ಅಂತೀರಿ. ಚುಕ್ಕಿ ಏನ ಮಾಡಿದ್ರ ನಿಮಗ ಛಲೋ ಅನಸ್ತದ್ರಿ ಭಾವ? ಲಿಂಗ ಕಟ್ಟಿದವರಿಗಿ ಸೂತಕ ಇಲ್ಲ ಅಂತ ನೀವ ಹೇಳ್ತೀರಿ. ಆಕಳಿಗಿ ಎಲ್ಲಿಂದ ಬಂತು?"

ಭಾವನ ಎದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಅವರು ಹೊಸ ಹಗ್ಗ ಚುಕ್ಕಿಯ ಕೊರಳಿಗೆ ಹಾಕಿ ಎಳೆದರು. ಹಳೆಯ ದಾವಣಿ ಹಗ್ಗ ನಾನು ಹಿಡಿದುಕೊಂಡೆ. ಕರು ಒಳಗೆ ಕಟ್ಟಿತ್ತು. ಕರು ಬಿಟ್ಟು ಚುಕ್ಕಿ ಹೆಜ್ಜೆ ಎತ್ತಲಿಲ್ಲ. ಇಬ್ಬರೂ ಎಳೆಯುತ್ತಿದ್ದೆವು. ಆಕಳು ನಡುವೆ ಕಲ್ಲಿನ ಹಾಗೆ ನಿಂತಿತ್ತು.

"ನಾಳಿ ಹೀರಾಬಾಯಿಗಿ ಏನರೆ ಆದ್ರ?" ಅಂದರು ಭಾವ, ಮೆಲ್ಲಗೆ.

ನಾನು ಬಾಗಿಲಲ್ಲಿ ನಿಂತ ಮಗಳ ಕಡೆ ನೋಡಲಿಲ್ಲ. ದಾವಣಿ ಬಿಡಲಿಲ್ಲ. ಅಂಗೈ ಸುಲಿಯಿತು, ಬಿಡಲಿಲ್ಲ.

ಭಾವ ಹಗ್ಗ ಅಲ್ಲೇ ಒಗೆದರು. "ನಿನ್ನ ಹಣೇಬಾರ" ಅಂದು ಹೋದರು. ಮತ್ತೆ ಚುಕ್ಕಿಯ ಸುದ್ದಿ ಎತ್ತಲಿಲ್ಲ.

ಹೀರಾಬಾಯಿಗೆ ಏನೂ ಆಗಲಿಲ್ಲ. ಈಗ ಅಫಜಲಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಚುಕ್ಕಿ ಆಮೇಲೆ ಐದು ಕರು ಹಾಕಿ, ಮುದುಕಿಯಾಗಿ ಸತ್ತಳು. ಅವಳದೂ, ಅವಳ ಮಗಳದೂ ಕಸವನ್ನು ನಾನು ತಿಪ್ಪೆಯ ಪಕ್ಕ ಗುಂಡಿ ತೋಡಿ ಹೂಳುತ್ತ ಬಂದಿದ್ದೇನೆ. ಹಾಲು ಇಳಿಯುವುದಿಲ್ಲ ಅಂತ ಹೇಳಿದರು. ಹಾಲು ಕಡಿಮೆಯಾಗಲಿಲ್ಲ. ಹೆಚ್ಚೂ ಆಗಲಿಲ್ಲ.

ಅತ್ತೆ ಮಾತ್ರ ಅವತ್ತಿನಿಂದ ಈ ಮನೆಯ ಹಾಲು ಮುಟ್ಟಿಲ್ಲ. ಮೊಸರು ಇಲ್ಲ, ಮಜ್ಜಿಗೆ ಇಲ್ಲ. ನಾನು ಕುಡೀರಿ ಅಂದಿಲ್ಲ, ಅವರು ಆಕಳು ಮಾರು ಅಂದಿಲ್ಲ. ಅತ್ತೆಗೆ ಕಣ್ಣು ಈಗ ಕಾಣುವುದಿಲ್ಲ, ಆದರೆ ಪಾತ್ರೆಗೆ ಹಾಲಿನ ವಾಸನೆ ಇದ್ದರೆ ಗೊತ್ತಾಗುತ್ತದೆ. ಅವರಿಗೆ ಒಂದು ಪಾತ್ರೆ ಬೇರೆ ಇಟ್ಟಿದ್ದೇನೆ. ಬೆಳಿಗ್ಗೆ ಎದ್ದು ಕೊಟ್ಟಿಗೆ ಬಳಿದು ಕೈ ತೊಳೆದುಕೊಳ್ಳುತ್ತೇನೆ. ಒಲೆ ಹೊತ್ತಿಸಿ ಆ ಪಾತ್ರೆಯಲ್ಲಿ ಬೆಲ್ಲ ಹಾಕಿ ಕರೀ ಚಹಾ ಇಡುತ್ತೇನೆ. ಅದನ್ನು ಅವರ ಕೈಗೆ ಕೊಟ್ಟು, ಚರಿಗೆ ತೆಗೆದುಕೊಂಡು ಹಿಂಡಲು ಹೋಗುತ್ತೇನೆ.