ಚರ್ಚಿನ ಚಿತ್ರದೆದುರು ಅಮ್ಮ

ದೆವ್ವ ಎಂದರೆ ನನಗೆ ಬಹಳ ಕಾಲ ಒಂದು ಐಟಂ ಅಷ್ಟೇ. ಆರ್ಕೆಸ್ಟ್ರಾಗಳಲ್ಲಿ ಹಾಡುಗಳ ನಡುವೆ ಮಿಮಿಕ್ರಿ ಮಾಡುವವನು ನಾನು. ರೈಲು, ರಾಜಕಾರಣಿ, ಅತ್ತೆ ಸೊಸೆ ಜಗಳ ಮುಗಿದ ಮೇಲೆ ದೆವ್ವ. ದೆವ್ವ ಕಂಡೆ ಎಂದವರ ನಡುಗು ದನಿಯನ್ನೂ ಬಿಡದೆ ಆಡಿಕೊಂಡಿದ್ದೇನೆ. ಈಗ ನಾನೇ ಅಂಥ ಕಥೆ ಹೇಳಲು ಕೂತಿದ್ದೇನೆ, ನೀವು ನಗಬಹುದು.

ನನ್ನ ಗಂಟಲಿಗೆ ಬಗ್ಗದ ದನಿ ಒಂದೇ, ಅಪ್ಪನದು. ವಿಡಿಯೋ ಎಂದರೆ ಬಾಯಿ ಮುಚ್ಚಿಬಿಡುತ್ತಿದ್ದ ಮನುಷ್ಯ. ತೀರಿಕೊಂಡಾಗ ಫೋಟೋಗಳು ಉಳಿದವು, ದನಿ ಎಲ್ಲೂ ಉಳಿಯಲಿಲ್ಲ. ಒಂದ್ಸಲ ನಿಮ್ಮಪ್ಪನ ಥರ ಮಾಡು ಎಂದು ಅಮ್ಮ ಆಗಾಗ ಕೇಳುತ್ತಿದ್ದಳು. ಮಾಡುತ್ತಿದ್ದೆ. ಕಣ್ಣು ಮುಚ್ಚಿ ಕೇಳಿ, "ಊಹೂಂ, ಇದು ನೀನೇ ಕಣೋ," ಎನ್ನುತ್ತಿದ್ದಳು. ಊರೆಲ್ಲ ಚಪ್ಪಾಳೆ ಹೊಡೆದರೂ ಮನೆಯಲ್ಲಿ ಫೇಲು.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ನಮ್ಮ ಮನೆಯಿರುವ ಅಶೋಕಪುರಂನಿಂದ ಸಿಟಿ ಬಸ್ಸು ಹತ್ತಿಸಿ, ಅಮ್ಮನನ್ನು ಹಳೇ ಬಂಗಲೆಯೊಂದರ ಚಿತ್ರಶಾಲೆಗೆ ಕರೆದೊಯ್ದಿದ್ದೆ. ಒಳಕೋಣೆಯಲ್ಲಿ ಹತ್ತೊಂಬತ್ತನೇ ಶತಮಾನದ್ದೆಂದು ಬರೆದಿದ್ದ ಒಂದು ತೈಲಚಿತ್ರ. ಯಾವುದೋ ದೇಶದ ಚರ್ಚಿನ ಒಳಗು. ಮಬ್ಬಿನಲ್ಲಿ ಕಂಬಗಳ ಸಾಲು. ಎತ್ತರದ ಕಿಟಕಿಯಿಂದ ಇಳಿದ ಬಿಸಿಲು ನೆಲ ಮುಟ್ಟುವ ಮೊದಲೇ ಸುಸ್ತಾಗಿತ್ತು. ದೂರದ ಬಾಗಿಲಲ್ಲಿ, ಹೆಬ್ಬೆರಳಿಗಿಂತ ಚಿಕ್ಕವನಾಗಿ, ಒಬ್ಬ ಗಂಡಸು ಬೆನ್ನು ಮಾಡಿ ನಿಂತಿದ್ದ.

"ನಿಮ್ಮಪ್ಪ ಎಲ್ಲಿಗೆ ಹೊರಟ್ರೂ ಇಂಗೇ ಮೊದ್ಲು ಬಾಗ್ಲಲ್ಲಿ ನಿಂತ್ಕಬುಡೋರು," ಎಂದಳು ಅಮ್ಮ. ಅಲ್ಲಿಂದ ಕದಲಲಿಲ್ಲ.

ನಾನು ಅವಳ ಹಿಂದೆ ನಿಂತು ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದೆ. ಆಗ ಕೇಳಿಸಿತು. ಬಹಳ ದೂರದಿಂದ, ದೊಡ್ಡ ಕಲ್ಲಿನ ಹಜಾರದಲ್ಲಿ ಮೊಳಗಿ ಬಂದ ಹಾಗೆ:

"ಇವ್ಳೇ, ಓಗಾನ್ವಾ?"

ಅಪ್ಪ ಅಮ್ಮನನ್ನು ಕರೆಯುತ್ತಿದ್ದದ್ದೇ ಹಾಗೆ.

"ಬಂದೆ, ಇರ್ರಿ," ಎಂದು ಅಮ್ಮ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದಿಟ್ಟಳು, ಚಿತ್ರದ ಕಡೆಗೆ. ಎದುರು ಕಟ್ಟಿದ್ದ ಹಗ್ಗ ತಡೆದು ನಿಂತಳು. ನನ್ನತ್ತ ತಿರುಗಿದಾಗ ಕಣ್ಣು ತುಂಬಿತ್ತು. ನನ್ನ ಕೆನ್ನೆ ಸವರಿ, "ಇವತ್ತು ಬಂತು ನೋಡು ನಿಂಗೆ. ಅವರೇ," ಎಂದಳು.

ಕುಡಿದದ್ದನ್ನು ನಾನಿನ್ನೂ ನುಂಗಿರಲಿಲ್ಲ. ಬಾಯಿ ತುಂಬ ನೀರಿತ್ತು.

ಅದು ದನಿ ಮೊಳಗುವ ಕೋಣೆಯಲ್ಲ. ಚಿಕ್ಕದು, ದಪ್ಪ ಪರದೆಗಳು. ಬೇರೆ ಯಾರೂ ಇರಲಿಲ್ಲ. ಅದೇನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅಮ್ಮ ಮತ್ತೆ ಎಂದೂ ಅಪ್ಪನ ದನಿ ಮಾಡು ಎನ್ನಲಿಲ್ಲ. ಅವಳಿಗೆ ಸಿಕ್ಕಾಯಿತು. ನಾನಲ್ಲ ಎಂದು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಆಮೇಲೆ ಒಬ್ಬನೇ ಎಷ್ಟೋ ಸಲ ಹೋಗಿದ್ದೇನೆ, ನನ್ನನ್ನೂ ಒಮ್ಮೆ ಕರೆಯಲಿ ಎಂದು. ಒಂದು ದಿನವಂತೂ, ಮಂಗನ ಹಾಗೆ, ಬಾಯಿ ತುಂಬ ನೀರು ತುಂಬಿಕೊಂಡೇ ನಿಂತೆ. ಕಾವಲಿನವರು ಹತ್ತಿರ ಬಂದು, ಯಾರಿಗಾದರೂ ಕಾಯ್ತಿದ್ದೀರಾ ಎಂದು ಕೇಳಿದರು.

ಹೌದೆಂದು ತಲೆಯಾಡಿಸಿದೆ.